ಕೈಯಲ್ಲಿ ಓಡಿಸುವವರು

ರಾತ್ರಿ ತಾನಾಗಿ ನಡೆಯಬೇಕಾದ ಡೇಟಾಬೇಸ್ ಕೆಲಸ ನಿಂತುಹೋದಾಗ, ಬೆಳಿಗ್ಗೆ ಬಂದು ಅದೇ ಸ್ಕ್ರಿಪ್ಟನ್ನು ಕೈಯಿಂದ ಓಡಿಸಿ, ಅದು ಸರಾಗವಾಗಿ ಮುಗಿದುದನ್ನು ಸುತ್ತಲಿನವರಿಗೆ ತೋರಿಸಿ, ಅಲ್ಲಿಗೆ ತಮ್ಮ ಮೇಲಿನ ಅಪವಾದ ಕಳೆಯಿತೆಂದು ಕಾಫಿಗೆ ಹೊರಡುವ ಡಿಬಿಎಗಳು, ಅಂದರೆ ಡೇಟಾಬೇಸಿನ ಉಸ್ತುವಾರಿ ಹೊತ್ತ ಎಂಜಿನಿಯರುಗಳು, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ಹೇರಳವಾಗಿ ಕಾಣಸಿಗುತ್ತಾರೆ. “ನನ್ನ ಕೈಲಿ ಓಡ್ತಾ ಇದೆಯಲ್ಲ ಸಾರ್” ಎಂಬುದು ಇವರ ಆದ್ಯ ಪ್ರಮಾಣ. ಓಡಬೇಕಾಗಿದ್ದುದು ಅವರ ಕೈಯಲ್ಲಲ್ಲ, ಕ್ರಾನ್ ಕೈಯಲ್ಲಿ ಎಂದು ಎದುರಾಡುವ ಧೈರ್ಯ ಕಿರಿಯರಿಗೆ ಸಾಮಾನ್ಯವಾಗಿ ಇರುವುದಿಲ್ಲ.

ಕ್ರಾನ್ ಎಂಬುದು 1970ರ ದಶಕದಿಂದ ಯುನಿಕ್ಸ್‌ನಲ್ಲಿರುವ, ಹೇಳಿದ ಹೊತ್ತಿಗೆ ಹೇಳಿದ ಆಜ್ಞೆಯನ್ನು ನಡೆಸುವ ಸೇವೆ. ಬಳಕೆದಾರರು ಲಾಗಿನ್ ಆದಾಗ ತೆರೆಯುವ ಪ್ರೊಫೈಲ್ ಕಡತವನ್ನು ಅದು ಓದುವುದಿಲ್ಲವಾದ್ದರಿಂದ, ಆಜ್ಞೆಗಳನ್ನು ಎಲ್ಲೆಲ್ಲಿ ಹುಡುಕಬೇಕೆಂದು ತಿಳಿಸುವ ಪಾತ್, ಒರಾಕಲ್ ಎಂಬ ಡೇಟಾಬೇಸ್ ತಂತ್ರಾಂಶ ಎಲ್ಲಿದೆಯೆಂದು ತಿಳಿಸುವ ಒರಾಕಲ್ ಹೋಮ್, ಯಾವ ಡೇಟಾಬೇಸ್ ಎಂದು ತಿಳಿಸುವ ಒರಾಕಲ್ ಎಸ್‌ಐಡಿ ಮೊದಲಾದ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು, ಅಂದರೆ ಪ್ರೋಗ್ರಾಮಿನ ಸುತ್ತ ಮೊದಲೇ ಸಿದ್ಧವಾಗಿರಬೇಕಾದ ವಿವರಗಳು, ಡಿಬಿಎ ಪಾಲಿಗೆ ಸದಾ ಪೂರ್ತಿಯಾಗಿ ಇದ್ದರೂ ಕ್ರಾನ್ ಪಾಲಿಗೆ ಹಾಗೆ ಇರುವುದಿಲ್ಲ. ಬದಲಿಗೆ ಬಂದ ಅಡುಗೆಯವರಿಗೆ ಬೆಲ್ಲದ ಡಬ್ಬಿ ಯಾವ ಅಟ್ಟದ ಮೇಲಿದೆಯೆಂದು ಹೇಳದೆ ಪಾಯಸ ಎಲ್ಲಿ ಎಂದು ಗದರಿಸುವ ಯಜಮಾನರ ರೀತಿಯೇ ಇವರದೂ ಆಗಿದೆ.

ದೋಷದ ಸುಳಿವು ಸಿಗುವುದೂ ಸುಲಭವಲ್ಲ. ಸ್ಕ್ರಿಪ್ಟು ಹೊರಹಾಕಿದ್ದನ್ನೆಲ್ಲ ಕ್ರಾನ್ ಆ ಕೆಲಸದ ಒಡೆಯರಿಗೆ ಅಂಚೆಯಾಗಿ ಕಳುಹಿಸುತ್ತದೆ. ಆ ಅಂಚೆಯ ಕಾಟ ತಾಳಲಾರದೆ ಎಲ್ಲವನ್ನೂ ಡೆವ್ ನಲ್‌ಗೆ, ಅಂದರೆ ಹೋದದ್ದು ಹಿಂದಿರುಗದ ಆ ಪಾತಾಳಕ್ಕೆ, ತಿರುಗಿಸಿದವರು ಇದೇ ಮಹನೀಯರು. ಹಾಗೂ ಹೀಗೂ ಆ ತಿರುವನ್ನು ತೆಗೆಸಿದರೆ ಓಆರ್‌ಎ-12162 ಎಂಬ ದೋಷಸಂಖ್ಯೆ ಕಾಣಿಸಿಕೊಂಡು, ನೆಟ್ ಸರ್ವಿಸ್ ಹೆಸರು ತಪ್ಪಾಗಿದೆ ಎನ್ನುತ್ತದೆ. ಯುನಿಕ್ಸ್ ಯಂತ್ರಗಳಲ್ಲಿ ಇದಕ್ಕೆ ಬಹುಮಟ್ಟಿಗೆ ಕಾರಣ ಒರಾಕಲ್ ಎಸ್‌ಐಡಿ ಇಲ್ಲದಿರುವುದಷ್ಟೇ ಆಗಿದ್ದರೂ, ‘ನೆಟ್’ ಎಂಬ ಪದ ಕಣ್ಣಿಗೆ ಬಿದ್ದ ಕೂಡಲೇ ಇವರ ಮುಖ ಅರಳಿ, ನೆಟ್‌ವರ್ಕ್ ತಂಡದ ಹೆಸರಿಗೆ ಟಿಕೆಟ್ ಏಳುತ್ತದೆ. ಡೇಟಾಬೇಸು ಅದೇ ಯಂತ್ರದಲ್ಲಿರುವುದರಿಂದ ನಡುವೆ ನೆಟ್‌ವರ್ಕೇ ಇಲ್ಲವೆಂದು ಆ ತಂಡದವರು ಎಷ್ಟು ವಿನಯದಿಂದ ತಿಳಿಸಿದರೂ, ಫೈರ್‌ವಾಲ್ ಮೇಲಿನ ಸಂಶಯ ಸಂಜೆಯವರೆಗೆ ಜೀವಂತವಾಗಿರುತ್ತದೆ.

ಕೊನೆಗೆ ಯಾರೋ ಟ್ರೈನಿ ಸ್ಕ್ರಿಪ್ಟಿನ ತಲೆಯಲ್ಲಿ ಎರಡು ವೇರಿಯಬಲ್‌ಗಳನ್ನು ಬರೆದುಕೊಡುತ್ತಾರೆ. ವರದಿಯಲ್ಲಿ ಮೂಲಕಾರಣ “ಎನ್ವಿರಾನ್‌ಮೆಂಟ್ ಇಶ್ಯೂ” ಎಂದು ದಾಖಲಾಗುತ್ತದೆ. ಕರ್ತೃವಿಲ್ಲದ ಇಂಥ ವಾಕ್ಯರಚನೆಯಲ್ಲಿ ಈ ವರ್ಗದ ಪ್ರಾವೀಣ್ಯ ನಿಜಕ್ಕೂ ಅಸಾಧಾರಣವಾದುದು. ಇನ್ನು ಮುಂದೆ ಲಾಗ್ ಉಳಿಯಲೇಬೇಕೆಂಬ ಸತ್ಸಂಕಲ್ಪದಿಂದ ಇವರು ಲಾಗ್ ಕಡತದ ಹೆಸರಿಗೆ ಆಯಾ ದಿನದ ತಾರೀಖು ಸೇರುವಂತೆ, ಶೇಕಡಾ ಚಿಹ್ನೆಗಳುಳ್ಳ ಡೇಟ್ ಆಜ್ಞೆಯನ್ನು ಕ್ರಾನ್‌ಟ್ಯಾಬ್‌ನ, ಅಂದರೆ ಕ್ರಾನ್ ನೋಡುವ ವೇಳಾಪಟ್ಟಿಯ, ಸಾಲಿನಲ್ಲೇ ಹೆಣೆದು, ಆ ಸಾಲಿನ ಆಜ್ಞೆಯನ್ನಷ್ಟೇ ಟರ್ಮಿನಲ್‌ಗೆ ಅಂಟಿಸಿ ಓಡಿಸಿ, ಓಡಿತೆಂದು ಖಾತ್ರಿ ಮಾಡಿಕೊಂಡು ಕ್ಯಾಬ್ ಹತ್ತುತ್ತಾರೆ. ಕ್ರಾನ್‌ಟ್ಯಾಬ್‌ನಲ್ಲಿ ಶೇಕಡಾ ಚಿಹ್ನೆಗೆ ಮೊದಲು ಬ್ಯಾಕ್‌ಸ್ಲ್ಯಾಷ್‌ನ ಕಾವಲು ಇಲ್ಲದಿದ್ದರೆ ಅದಕ್ಕೆ ಹೊಸ ಸಾಲು ಎಂಬ ಅರ್ಥವಿದ್ದು, ರಾತ್ರಿ 2 ಗಂಟೆಗೆ ಎಚ್ಚರಗೊಳ್ಳುವ ಕ್ರಾನ್ ಆ ಆಜ್ಞೆಯನ್ನು ಮೊದಲ ಚಿಹ್ನೆಯವರೆಗೆ ಮಾತ್ರ ಓದುತ್ತದೆ.