ಏಳನೆಯ ಹನಿ

ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಹವಳದ ಪಾಲಿಪ್‌ಗಳು ಮುದುಡಿ ಕೂತರೆ ನೀರು, ಬೆಳಕು, ಉಪ್ಪು, ಕರೆಂಟು, ನೆಂಟರ ಕಣ್ಣು ಹೀಗೆ ಎಲ್ಲದರ ಮೇಲೂ ಗುಮಾನಿ ಬರುತ್ತದೆ. ಬಾರದಿರುವುದು ಗಳಿಗೆಗೊಮ್ಮೆ ನೀರಿಗಿಳಿಯುವ ಯಜಮಾನನ ಕೈಯ ಮೇಲೆ ಮಾತ್ರ. ಸೀತಾನದಿ ಪಕ್ಕದಲ್ಲೇ ಹರಿಯುವ ಕೊಕ್ಕರ್ಣೆಯಲ್ಲಿ ಮನೆಯೊಳಗೊಂದು ಕಡಲು ಕಟ್ಟಿಕೊಳ್ಳುವ ನಮ್ಮ ಪಂಗಡದ ಬಗ್ಗೆ ಊರಿಗೆ ಮೊದಲಿಂದಲೂ ಒಂದು ಅಭಿಪ್ರಾಯವಿದೆ. ಅದನ್ನು ಅಲ್ಲಗಳೆಯುವ ಹುಮ್ಮಸ್ಸು ನನಗಿಲ್ಲ. ನನ್ನ ವಾದ ಇಷ್ಟೇ: ತೊಟ್ಟಿಯ ಹವಳ ಸೊರಗುವುದು ಬಹುಮಟ್ಟಿಗೆ ಆರೈಕೆ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ. ಅಂದಹಾಗೆ ಇಲ್ಲಿ ಮಾತಾಡುತ್ತಿರುವುದು ಮೆತ್ತನೆಯ ಜೊಯಾಂತಿಡ್, ಅಣಬೆ ಹವಳಗಳಂಥ ಬಡಪಾಯಿಗಳ ವಿಷಯ. ಕಲ್ಲುಹವಳವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಹುಲಿಯ ಸಾಲಿನಲ್ಲೇ ಕೂತಿದೆ. ಮುರ್ಡೇಶ್ವರದಾಚೆಯ ನೇತ್ರಾಣಿಯಿಂದ ಒಂದು ಚೂರು ಕಿತ್ತು ತಂದು ಶೋಕೇಸಿನಲ್ಲಿಟ್ಟರೂ ಕೇಸೇ.

ಮೊದಲ ಸಾಕ್ಷಿ ಕೆಎಚ್ ಪರೀಕ್ಷೆ. ನೀರಿನ ಕ್ಷಾರಗುಣ ಅಳೆಯುವ ಈ ಪರೀಕ್ಷೆಗೆ ಬೇಕಾದದ್ದು ಒಂದು ಪುಟ್ಟ ಗಾಜಿನ ಕೊಳವೆ, 5 ಮಿಲಿಲೀಟರ್ ತೊಟ್ಟಿ ನೀರು, ಹನಿ ಹಾಕುವ ಒಂದು ಶೀಶೆ. ಮೊದಲ ಹನಿಗೆ ನೀರು ನೀಲಿಯಾಗುತ್ತದೆ. ಮುಂದೆ ಎಷ್ಟನೇ ಹನಿಗೆ ಹಳದಿಗೆ ತಿರುಗಿತೋ ಅಷ್ಟು ಡಿಗ್ರಿ. ಓದಲು ಸಲೀಸು. ಐದನೇ ಹನಿಯವರೆಗೂ ಯಾರ ತಕರಾರೂ ಇರುವುದಿಲ್ಲ. ಆರನೆಯದಕ್ಕೆ ನೀಲಿ ಕೊಂಚ ಅಳುಕುತ್ತದೆ. ಏಳನೆಯ ಹನಿ ಬಿದ್ದಾಗ ಕೊಳವೆಯಲ್ಲೊಂದು ಬಣ್ಣ ಕಾಣಿಸಿಕೊಳ್ಳುತ್ತದೆ, ಅದು ಯಾವುದೆಂದು ಜಗತ್ತಿನಲ್ಲಿ ಯಾರೂ ಖಾತ್ರಿಯಾಗಿ ಹೇಳಲಾರರು. ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಹಳದಿ, ಕಿಟಕಿಗೆ ಹಿಡಿದರೆ ಹಸಿರು, ಬಿಳಿ ಕಾಗದದ ಮುಂದೆ ಹಿಡಿದರೆ ಎರಡೂ ಅಲ್ಲ. ಅಲುಗಾಡಿಸಿದರೆ ಹಳದಿ ಬರುತ್ತದೆ, ನಿಲ್ಲಿಸಿದರೆ ಹೋಗುತ್ತದೆ. ಆಗ ಪಂಚಾಯ್ತಿಕೆಗೆ ಮನೆಯವರ ಕರೆ. ಅಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ಕೊಳವೆಯನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, "ಹಳದಿ ಎಂತಕ್ಕೆ, ನಂಗೆ ಹಸ್ರ್ ಕಂಡಂಗಾತ್ತಪ" ಎನ್ನುತ್ತಾರೆ. ಹೆಂಡತಿ ನೋಡದೆಯೇ "ಹಳದಿ" ಎಂದುಬಿಡುತ್ತಾಳೆ, ಒಲೆಯ ಮೇಲೆ ಹಾಲು ಇದೆ. ಸಣ್ಣ ಮಗನಿಗೆ ಅದು ಪಾನಕದಂತೆ ಕಾಣಿಸುವುದರಿಂದ ಅವನನ್ನು ದೂರ ಇಡಬೇಕಾಗುತ್ತದೆ. ಒಂದಕ್ಕೆ ಎರಡರ ಬಹುಮತವಿಲ್ಲದೆ, ಕೊನೆಗೆ ಯಜಮಾನ ಹಳದಿ ಎಂದೇ ಬರೆದುಕೊಳ್ಳುತ್ತಾನೆ: ಏಳು. ಎಲ್ಲರೂ ಎಂಟು, ಒಂಬತ್ತು ಇರಬೇಕು ಎನ್ನುತ್ತಾರಲ್ಲ! ತಕ್ಷಣ ಅಡಿಗೆ ಸೋಡಾದ ಡಬ್ಬಿ ಹೊರಬರುತ್ತದೆ.

ಈಗ ಲೆಕ್ಕ ಹಾಕಿ. ನೂರು ಲೀಟರ್ ನೀರಿನ ಕ್ಷಾರಗುಣವನ್ನು ಒಂದು ಡಿಗ್ರಿ ಏರಿಸಲು ಸುಮಾರು 3 ಗ್ರಾಂ ಸೋಡಾ ಸಾಕು. ತುಂಬಿದ ಒಂದು ಚಹಾ ಚಮಚದಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಹನಿಯೊಂದರ ಅನುಮಾನಕ್ಕೆ ಎರಡು ಡಿಗ್ರಿಯ ಮದ್ದು. ಮಜಾ ಏನೆಂದರೆ ನಿಜವಾದ ಕಡಲಿನ ಕ್ಷಾರಗುಣವೂ ಹತ್ತಿರಹತ್ತಿರ ಏಳೇ. ಅಂದರೆ ನಾವು ಅರಬ್ಬೀ ಸಮುದ್ರಕ್ಕೇ ಕಾಯಿಲೆ ಎಂದು ತೀರ್ಮಾನಿಸಿ ಸೋಡಾ ಕುಡಿಸಿದ ಹಾಗಾಯಿತು. ಮರುದಿನ ಪಾಲಿಪ್ ಮುಚ್ಚುತ್ತದೆ. ಮುಚ್ಚಿತೆಂದು ಲೈಟು ಹೆಚ್ಚಿಸುತ್ತೇವೆ, ಲೈಟಿಗೆ ಕುಗ್ಗಿತೆಂದು ಜಾಗ ಬದಲಿಸುತ್ತೇವೆ, ಜಾಗ ಬದಲಿಸಿದ್ದಕ್ಕೆ ಅಯೋಡಿನ್ ಸ್ನಾನ. ತೊಟ್ಟಿಲಲ್ಲಿ ಮಲಗಿದ ಮಗುವನ್ನು ಅಲುಗಾಡಿಸಿ "ನಿದ್ದೆ ಬಂತಾ?" ಎಂದು ಕೇಳುವ ಜಾತಿಯ ಪ್ರೀತಿ ಇದು. ನೀರು ತೀರಾ ಶುದ್ಧವಾಗಬೇಕೆಂಬ ಹಟವೂ ಇದೇ ಬಳಗದ್ದು: ನೈಟ್ರೇಟು, ಫಾಸ್ಫೇಟು ಎರಡನ್ನೂ ಸೊನ್ನೆಗಿಳಿಸಿದ ತೊಟ್ಟಿಯಲ್ಲಿ ಜೊಯಾಂತಿಡ್‌ಗಳು ಹಸಿದು ಬಡಕಲಾಗುತ್ತವೆ, ಅವುಗಳ ಜಾಗಕ್ಕೆ ಕಂದು ಲೋಳೆಯಂಥ ಡೈನೋಫ್ಲಜೆಲೇಟುಗಳು ಬಂದು ಹರಡಿಕೊಳ್ಳುತ್ತವೆ.

ಇದಕ್ಕೆ ಊರಿನ ಮೊದಲ ಆಕ್ಷೇಪ ಸಿದ್ಧವಿದೆ: "ಕಡಲ್ ಇಲ್ಲೇ ಇತ್ತಲೆ ಮಾರಾಯ್ರೆ, ನಾಕ್ ಕ್ಯಾನ್ ನೀರ್ ತಂದ್ರೆ ಆಯ್ತಪ." ಪುಕ್ಕಟೆ ಸಲಹೆಗಳಲ್ಲಿ ನನಗೆ ಅತ್ಯಂತ ಸಿಟ್ಟು ತರಿಸುವುದು ಇದೇ, ಯಾಕೆಂದರೆ ಕೇಳಲು ಸರಿಯಾಗಿದೆ. ಆದರೆ ನಮಗೆ ಹತ್ತಿರದ ಕಡಲೆಂದರೆ ಹಂಗಾರಕಟ್ಟೆ, ಕೋಡಿಬೆಂಗ್ರೆಯ ಕಡೆಯದು, ಸೀತಾನದಿ ಹೋಗಿ ಸೇರುವ ಅಳಿವೆ. ಆಗುಂಬೆಯ ಸುತ್ತ ಸುರಿದ ಮಳೆ, ದಾರಿಯುದ್ದದ ಗದ್ದೆ ತೋಟಗಳ ಗೊಬ್ಬರ, ಮುರಕಲ್ಲಿನ ಕೆಂಪು ಎಲ್ಲವೂ ನಮ್ಮ ಎದುರೇ ಹಾದು ಅಲ್ಲಿಗೆ ಹೋಗುತ್ತದೆ. ಆಷಾಢದಲ್ಲಿ ಅಲ್ಲಿಂದ ಕ್ಯಾನು ತುಂಬಿಕೊಂಡು ಬಂದರೆ ನಮ್ಮೂರಿನ ನೀರನ್ನೇ ಜೀಪಿನ ಬಾಡಿಗೆ ಕೊಟ್ಟು ವಾಪಸು ಕರೆತಂದಂತೆ. ಸಿಹಿನೀರು, ಕೆಸರು ಎರಡೂ ಹವಳಕ್ಕೆ ಆಗದು. ಕರೆಯಿಂದ ದೂರ ಕಡಲ ನಡುವೆ ನಿಂತ ನೇತ್ರಾಣಿಯ ಸುತ್ತ ಹವಳ ಚೆನ್ನಾಗಿರುವುದಕ್ಕೂ ನದಿಬಾಯಿಗಳ ಬಳಿ ಅದು ತಲೆ ಹಾಕದಿರುವುದಕ್ಕೂ ಇದೇ ಮುಖ್ಯ ಕಾರಣ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ಸೆಕೆಯಲ್ಲೂ ಕೈಕಟ್ಟಿ ಕೂರಬೇಕೇ? ಏಪ್ರಿಲ್‌ನಲ್ಲಿ ಘಟ್ಟದ ಕಡೆ ಗುಡುಗಿದ ತಕ್ಷಣ ಇಲ್ಲಿ ಕರೆಂಟು ಹೋಗುತ್ತದೆ, ಪಂಪು ನಿಲ್ಲುತ್ತದೆ, ನೀರು 30 ಡಿಗ್ರಿ ದಾಟುತ್ತದೆ. ಉಪ್ಪುನೀರಿನಲ್ಲಿ ಆಮ್ಲಜನಕ ಮೊದಲೇ ಸಿಹಿನೀರಿಗಿಂತ ಕಡಿಮೆ, ಕಾದಷ್ಟೂ ಇನ್ನೂ ಕಡಿಮೆ. ಬೆಂಗಳೂರಿನವರು ನೀರಿನ ಮೇಲೊಂದು ಫ್ಯಾನ್ ತಿರುಗಿಸಿ ಎನ್ನುತ್ತಾರೆ. ಅದು ತಂಪು ಮಾಡುವುದು ನೀರನ್ನು ಆವಿ ಮಾಡಿ. ಬೆವರೇ ಆರದ ಊರಿನಲ್ಲಿ ತೊಟ್ಟಿ ನೀರು ಎಷ್ಟು ಆರೀತು! ಇಲ್ಲಿ ಕೈ ಹಾಕಲೇಬೇಕು, ಒಪ್ಪಿದೆ. ಬ್ಯಾಟರಿಯ ಏರ್‌ಪಂಪು ಬೇಕು, ಮಂಜುಗಡ್ಡೆಯ ಬಾಟಲಿಯೂ ಬೇಕು. ಆದರೆ ಅರ್ಧ ಗಂಟೆಯಲ್ಲಿ ಐದು ಡಿಗ್ರಿ ಇಳಿಸಿದರೆ ಸೆಕೆಗೆ ಬದುಕಿದ್ದು ಚಳಿಗೆ ಹೋಗುತ್ತದೆ. ಹವಳದ ಮೈಯೊಳಗೆ ಮನೆ ಮಾಡಿರುವ ಪಾಚಿಯೇ ಅದರ ಅನ್ನದಾತ. ಬಿಸಿ ಜಾಸ್ತಿಯಾದಾಗ ಹವಳ ಅದನ್ನು ಹೊರಹಾಕಿ ಬಿಳಿಚುತ್ತದೆ. ಕಡಲಿನಲ್ಲಿ ಇದಕ್ಕೆ ಮಾಮೂಲಿ ಬೇಸಿಗೆಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಸಾಕು. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು, 2024ರಲ್ಲಿ ಮತ್ತೆ ಆಯಿತು. ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳು ತರಕಾರಿ, ಜಲ್ಲಿ ಹೊತ್ತು ಹೋಗುವ ದ್ವೀಪಗಳು ಅವು, ಎಲ್ಲೋ ಆಸ್ಟ್ರೇಲಿಯಾದವಲ್ಲ. ಆ ದ್ವೀಪಗಳ ನೆಲವೇ ಹವಳ. ಅಲ್ಲಿ ಬಾಟಲಿ ಇಳಿಬಿಡಲು ಯಾವ ಯಜಮಾನನೂ ಇಲ್ಲ.

ರೋಗ, ಹುಳ ಬಂದರೆ? ಜೊಯಾಂತಿಡ್ ತಿನ್ನುವ ಒಂದು ಜಾತಿಯ ಕಡಲ ಗೊಂಡೆಹುಳು ತಾನು ತಿಂದ ಪಾಲಿಪ್‌ನ ಬಣ್ಣವನ್ನೇ ಮೈಗೆ ಪಡೆದು ಅದರ ನಡುವೆಯೇ ಅಡಗಿರುತ್ತದೆ. ರಾತ್ರಿ ಟಾರ್ಚು ಹಿಡಿದು ಹುಡುಕಿ ಚಿಮಟದಿಂದ ಎತ್ತಬೇಕು. ಆ ಕೈ ಧನ್ಯ, ಯಾಕೆಂದರೆ ಅದು ಕಣ್ಣಿಗೆ ಕಂಡದ್ದನ್ನು ತೆಗೆಯಿತು. ನನ್ನ ತಕರಾರು ಕಾಣದ್ದಕ್ಕೆ ಮದ್ದು ಹಾಕುವ ಕೈಯ ಮೇಲೆ. ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಎರಡು ವಾರ ಸುಮ್ಮನಿದ್ದು ನೋಡಿದರೆ ಮುಚ್ಚಿದ ಪಾಲಿಪ್‌ಗಳಲ್ಲಿ ಹೆಚ್ಚಿನವು ತಾವಾಗಿಯೇ ತೆರೆದುಕೊಳ್ಳುತ್ತವೆ.

ಅಷ್ಟರಲ್ಲಿ ತಾಳ್ಮೆ ಕೆಟ್ಟವರು, ಹಾಳಾದ ಕಲ್ಲನ್ನು ಹೊರತೆಗೆದು ಹಂಡೆಯಲ್ಲಿ ಕುದಿಸಿ ಶುದ್ಧ ಮಾಡೋಣ ಎಂದು ಹೊರಡುತ್ತಾರೆ. ಇದೊಂದು ಬೇಡ. ಕೆಲವು ಜೊಯಾಂತಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ, 1971ರಲ್ಲಿ ಹವಾಯಿಯ ಹವಳದಿಂದ ಬೇರ್ಪಡಿಸಿದ್ದು. ಕುದಿಸಿದರೆ ಹಬೆಯ ಜೊತೆ ಮನೆಯೆಲ್ಲ ಹರಡುತ್ತದೆ. 2018ರಲ್ಲಿ ಇಂಗ್ಲೆಂಡಿನ ಸ್ಟೀವೆಂಟನ್ ಎಂಬ ಊರಿನಲ್ಲಿ ತೊಟ್ಟಿ ತೊಳೆಯಲು ಹೋಗಿ ಇಡೀ ಕುಟುಂಬವೇ ಆಸ್ಪತ್ರೆ ಸೇರಿತ್ತು. ಲಕ್ಷಣಗಳು ಜ್ವರ, ಕೆಮ್ಮು, ಉಬ್ಬಸ, ಅಂದರೆ ಮಳೆಗಾಲದಲ್ಲಿ ನಮ್ಮ ಕಡೆ ಎಲ್ಲರಿಗೂ ಬರುವಂಥದ್ದೇ. ರಾತ್ರಿ ಹನ್ನೊಂದಕ್ಕೆ ಮನೆಮಂದಿಯೆಲ್ಲ ಕೆಮ್ಮುತ್ತ ಹೋಗಿ ಕೂತಾಗ ಡ್ಯೂಟಿ ಡಾಕ್ಟರು ಸಂಜೆ ಎಂತ ತಿಂದಿರಿ ಎಂದು ಕೇಳುತ್ತಾರೆ. ತಿಂದದ್ದು ಗಂಜಿ ಚಟ್ನಿ, ಬೇಯಿಸಿದ್ದು ಕಲ್ಲು ಎಂದು ಹೇಳಿದರೆ ಯಾವ ವಾರ್ಡಿಗೆ ಕಳಿಸುತ್ತಾರೋ ನೀವೇ ಯೋಚಿಸಿ.