ಸಿಮ್ರೌನ್‌ಗಢದ ವಾರಸುದಾರ

ಪೂರ್ವಜರನ್ನು ಹುಡುಕಲು ಹೊರಟವರಿಗೆ ಸಿಗುವುದು ಯಾವಾಗಲೂ ರಾಜರೇ, ತಪ್ಪಿದರೆ ದಂಡನಾಯಕರು. ಆ ರಾಜರ ದಂಡಿಗೆ ರೊಟ್ಟಿ ಬಡಿದವರು, ಅವರ ಕುದುರೆಗಳ ಲದ್ದಿ ಬಳಿದವರು ಎಲ್ಲ ಮಕ್ಕಳಿಲ್ಲದೆ ಸತ್ತರೇನೋ, ಅವರ ಮೊಮ್ಮಗ ಅಂತ ಹೇಳಿಕೊಂಡವರನ್ನು ನಾನು ಇವತ್ತಿನವರೆಗೆ ಕಂಡಿಲ್ಲ.

ನಮ್ಮ ಮನೆಗೆ ರಾಜನನ್ನು ತಂದುಕೊಟ್ಟವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬಂದು ಮನೆತನದ ವಂಶಾವಳಿ ಹೇಳುವ ಹೆಳವರು ನಮ್ಮ ಗದಗ ಸೀಮೆಯ ಊರುಗಳಿಗೆ ಹೊಸಬರಲ್ಲ. ಅಜ್ಜ ಜೋಳ ಅಳೆಯುವುದರಲ್ಲಿ ಧಾರಾಳಿ. ಮೊದಲ ಸೇರಿಗೆ ಗೌಡಕಿ ಮಾಡಿದ ಮುತ್ತಜ್ಜ ಬಂದ. ಚೀಲ ಅರ್ಧ ತುಂಬುವಷ್ಟರಲ್ಲಿ, ಕಲ್ಯಾಣದ ಅರಸರ ದಂಡಿನ ಸಂಗಡ ಉತ್ತರಕ್ಕೆ ಹೋಗಿ ಅಲ್ಲೇ ಗಾದಿ ಏರಿದ ಹಿರಿಯನೊಬ್ಬ ಬಂದ. ಇನ್ನೆರಡು ಸೇರು ಬಿದ್ದಿದ್ದರೆ ವಂಶ ನೇರ ಸೂರ್ಯನಿಗೇ ಮುಟ್ಟುತ್ತಿತ್ತು. ಅಜ್ಜಿ ಬಂದು ಚೀಲದ ಬಾಯಿ ಕಟ್ಟಿದಳು.

ಇದನ್ನು ನಾನು ಮರೆತೇಬಿಟ್ಟಿದ್ದೆ. ನೌಕರಿಯಿಂದ ನಿವೃತ್ತನಾಗಿ, ಮನೆಯಲ್ಲಿ ನನ್ನ ಮಾತು ಕೇಳುವವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಇತಿಹಾಸದ ಪುಸ್ತಕ ಹಿಡಿದೆ. ಅಲ್ಲಿ ಸಿಕ್ಕ ನಾನ್ಯದೇವ! 1097ರಲ್ಲಿ ಮಿಥಿಲೆಯಲ್ಲಿ ರಾಜ್ಯ ಕಟ್ಟಿದವನು, ತನ್ನದು ಕರ್ಣಾಟ ಕುಲ ಎಂದು ಹೆಮ್ಮೆಯಿಂದ ಹೇಳಿಕೊಂಡವನು. ಕಲ್ಯಾಣದಲ್ಲಿ ಆಗ ಆರನೆಯ ವಿಕ್ರಮಾದಿತ್ಯನ ಆಳ್ವಿಕೆ. ಅವನ ದಂಡು ಗೌಡ, ಕಾಮರೂಪದವರೆಗೂ ಹೋಗಿತ್ತೆಂದು ಆಸ್ಥಾನಕವಿ ಬಿಲ್ಹಣ ಬರೆದಿದ್ದಾನೆ. ಹಾಗೆ ಹೋದವರ ಪೈಕಿ ಕೆಲವರು ಅಲ್ಲೇ ನಿಂತಿರಬೇಕೆಂಬುದು ಇತಿಹಾಸಕಾರರ ಊಹೆ. ಊಹೆಯಾದರೇನು, ನನಗೆ ಅಷ್ಟು ಸಾಕಿತ್ತು. ನಾನ್ಯದೇವ ಭರತನ ನಾಟ್ಯಶಾಸ್ತ್ರಕ್ಕೆ ಭಾಷ್ಯ ಬರೆದ ಸಂಗೀತಜ್ಞನೂ ಹೌದು ಎಂದು ಓದಿದಾಗಲಂತೂ ಸಂಶಯಕ್ಕೆ ಜಾಗವೇ ಉಳಿಯಲಿಲ್ಲ. ನಾನೂ ಸ್ನಾನ ಮಾಡುವಾಗ ಹಾಡುತ್ತೇನೆ.

ಅವನ ರಾಜಧಾನಿ ಸಿಮ್ರೌನ್‌ಗಢ ಈಗ ನೇಪಾಳದ ಬಾರಾ ಜಿಲ್ಲೆಯಲ್ಲಿದೆ. ಎಲ್ಲರೂ ಹೊರಡೋಣ ಎಂದೆ. ಮಗಳಿಗೆ ಸಿಂಗಾಪುರ ಬೇಕಿತ್ತು. ಅವ್ವನಿಗೆ ಪಶುಪತಿನಾಥನ ದರ್ಶನ ಆದರೆ ಸಾಕಿತ್ತು. ಹೆಂಡತಿ ಪೂರ್ತಿ ಕೇಳಿಸಿಕೊಂಡು, "ಆ ದಂಡಿನಾಗ ಅಡಿಗಿ ಮಾಡಾವ್ರೂ ಇದ್ರಲ್ಲಾ? ನಿಮ್ಮ ಮಾರಿ ನೋಡಿದ್ರ ನನಗ ಅವರs ನೆನಪಾಗ್ತಾರ," ಅಂದಳು.

ರಕ್ಸೌಲ್‌ವರೆಗೆ ರೈಲಿನ ಪ್ರಯಾಣ. ಗಡಿಯಲ್ಲಿ ಅಧಿಕಾರಿ "ಯಾಕೆ ಬಂದಿರಿ" ಎಂದು ಕೇಳುತ್ತಾನೆ, ನಾನು "ನಮ್ಮ ಹಿರಿಯರ ರಾಜಧಾನಿ ನೋಡಲು" ಎಂದು ಗಂಭೀರವಾಗಿ ಹೇಳುತ್ತೇನೆ, ಅವನು ಎದ್ದು ನಿಲ್ಲುತ್ತಾನೆ. ಹೀಗೆ ಅಂದುಕೊಂಡು ಹಿಂದಿಯಲ್ಲಿ ಒಂದು ಸಣ್ಣ ಭಾಷಣ ಬಾಯಿಪಾಠ ಮಾಡಿದ್ದೆ. ಭಾರತೀಯರಿಗೆ ಅಲ್ಲಿ ವೀಸಾ ಬೇಡ. 1950ರ ಒಪ್ಪಂದದ ಮುಕ್ತ ಗಡಿ. ಸಂತೆಗೆ ಹೋಗುವವರಂತೆ ಜನ ಆಚೀಚೆ ಓಡಾಡುತ್ತಿದ್ದರು. ಉಳ್ಳಾಗಡ್ಡಿ ಚೀಲಗಳ ನಡುವೆ ನಮ್ಮ ಟಾಂಗಾ ಸೇತುವೆ ದಾಟಿ, ಬೀರ್‌ಗಂಜಿನ ಶಂಕರಾಚಾರ್ಯ ದ್ವಾರದ ಕೆಳಗೆ ನುಸುಳಿತು. ಯಾರೂ ಏನೂ ಕೇಳಲಿಲ್ಲ. ನಾನೇ ಟಾಂಗಾ ನಿಲ್ಲಿಸಿ, ಲಾಠಿ ಹಿಡಿದು ನಿಂತಿದ್ದ ಪೊಲೀಸನ ಹತ್ತಿರ ಹೋಗಿ ಗುರುತಿನ ಚೀಟಿ ತೋರಿಸಿ ಭಾಷಣ ಶುರು ಮಾಡಿದೆ. ಆತ ಕೇಳಿ, "ಹಿಂದಿನ ಗಾಡಿಗೆ ದಾರಿ ಬಿಡಿ," ಎಂದ.

ನೇಪಾಳದ ಗಡಿಯಾರ ನಮಗಿಂತ 15 ನಿಮಿಷ ಮುಂದೆ. ಅವ್ವನ ಬಿ.ಪಿ. ಗುಳಿಗೆ ಯಾವ ದೇಶದ ಟೈಮಿಗೆ ನುಂಗಬೇಕೆಂಬ ಚರ್ಚೆಯಲ್ಲಿ ನಾಷ್ಟಾದ ಹೊತ್ತು ಕಳೆಯಿತು. ಕಡೆಗೆ ಅವ್ವ, "ನನ್ನ ಬಿ.ಪಿ. ಗದಗಿನದು," ಎಂದು ಹೇಳಿ ಕೂತಳು.

ಸಿಮ್ರೌನ್‌ಗಢ ಬೀರ್‌ಗಂಜಿನಿಂದ ಪೂರ್ವಕ್ಕೆ ಸುಮಾರು 28 ಕಿಲೋಮೀಟರ್. ಒಂದು ಕಾಲಕ್ಕೆ ಈ ಕೋಟೆ ಚಕ್ರವ್ಯೂಹದಂತೆ ಸುತ್ತುಸುತ್ತಾಗಿ ಇತ್ತಂತೆ. 18ನೆಯ ಶತಮಾನದಲ್ಲಿ ಈ ದಾರಿಯಲ್ಲಿ ಬಂದ ಇಟಲಿಯ ಪಾದ್ರಿಯೊಬ್ಬ ಆ ಸುತ್ತುಗಳ ಬಗ್ಗೆ ಬರೆದಿಟ್ಟಿದ್ದಾನೆ. ನಾನು ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಕಣ್ಣ ಮುಂದೆ ಇಟ್ಟುಕೊಂಡೇ ಜೀಪು ಹತ್ತಿದ್ದೆ. ಇಳಿದು ನೋಡಿದರೆ ಎಲ್ಲಿ ನೋಡಿದರೂ ಗದ್ದೆ, ಮಾವಿನ ತೋಪು, ಎಮ್ಮೆ.

"ಎಲ್ಲಿ ಐತೋ ತಮ್ಮಾ ನಿಮ್ಮಪ್ಪನ ಕ್ವಾಟಿ?" ಅಂದಳು ಅವ್ವ. ಕೋಟೆ ಗಂಡನ ಕಡೆಯದೆಂಬುದನ್ನು ಅವಳು ಮರೆಯುವವಳಲ್ಲ.

ದೂರದಲ್ಲಿ ಹಸಿರು ಹೊದ್ದ ಉದ್ದನೆಯ ಏರಿಯೊಂದು ಕಂಡಿತು. ಬೂಟು ಕೆಸರಲ್ಲಿ ಹೂತರೂ ಬಿಡದೆ ಹತ್ತಿದೆ. ಮೇಲೆ ನಿಂತು, ಮಗಳ ಕೈಗೆ ಮೊಬೈಲು ಕೊಟ್ಟು, ಕೈ ಚಾಚಿ, "1324ರಲ್ಲಿ ಘಿಯಾಸುದ್ದೀನ್ ತುಘಲಕ್‌ನ ಸೈನ್ಯ ಇದೇ ಪ್ರಾಕಾರವನ್ನು..." ಎಂದು ಶುರು ಮಾಡಿದೆ. ಕಣ್ಣು ತೇವವಾಗಿದ್ದವು, ವಿಡಿಯೊದಲ್ಲಿ ಈಗಲೂ ಕಾಣುತ್ತದೆ. ಅದೇ ವಿಡಿಯೊದಲ್ಲಿ, ನನ್ನ ಹಿಂದೆ ಸಲಿಕೆ ಹಿಡಿದು ಬಂದ ಹುಡುಗನೊಬ್ಬ ನನ್ನ ಕಾಲ ಬುಡದ ಮಣ್ಣು ಕಡಿದು ಗದ್ದೆಗೆ ನೀರು ಬಿಡುವುದೂ ಕಾಣುತ್ತದೆ. ಅದು ಕಾಲುವೆಯ ಏರಿ, ಹೋದ ವರ್ಷ ಹಾಕಿದ್ದು. ನಾನ್ಯದೇವನ ಪ್ರಾಕಾರ ಯಾವುದು ಎಂದು ಕೇಳಿದಾಗ ಆತ ಸಲಿಕೆಯಿಂದಲೇ ತೋರಿಸಿದ. ತಗ್ಗಾದ ಮಣ್ಣಿನ ದಿಬ್ಬವೊಂದು ಉದ್ದಕ್ಕೆ ಮಲಗಿತ್ತು. ಅದರ ಮೇಲೆ ನಮ್ಮ ಜೀಪು. ಜೀಪಿನ ನೆರಳಲ್ಲಿ ಹೆಂಡತಿ ಪೇಪರು ಹಾಸಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಡಿಸುತ್ತಿದ್ದಳು. "ನಾ ಅವಾಗs ಇಲ್ಲಿ ಬಂದು ಕುಂತೀನಿ, ನೀವs ತಡಾ ಮಾಡೀರಿ," ಅಂದಳು.

ಕಂಕಾಲಿ ಮಾಯಿಯ ಗುಡಿಗೆ ಹೋದೆವು. ಗುಡಿಯ ಹತ್ತಿರ ಒಡೆದ ಕರಿಕಲ್ಲಿನ ಮೂರ್ತಿಗಳು ಸಾಲಾಗಿದ್ದವು. ಹೊಲ ಉಳುವಾಗ, ಕೆರೆ ತೋಡುವಾಗ ಇಲ್ಲಿ ಇಂಥವು ಸಿಗುತ್ತಲೇ ಇರುತ್ತವೆ. ಒಂದು ವಿಷ್ಣುವಿನ ಮುಂದೆ ಮಾತ್ರ ನನ್ನ ಬಾಯಿ ತಾನಾಗಿ ಮುಚ್ಚಿತು. ಮುಖ ಪೂರ್ತಿ ಸವೆದುಹೋಗಿದೆ, ಕಿವಿಯ ಓಲೆಯಲ್ಲಿ ಮಾತ್ರ ಒಂದೊಂದು ಮುತ್ತೂ ಎಣಿಸುವಂತೆ ಉಳಿದಿದೆ. ಆದರೆ ನನ್ನ ಬಾಯಿ ಬಹಳ ಹೊತ್ತು ಮುಚ್ಚಿರುವಂಥದ್ದಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕನಿಗೆ, ನಾವು ಕರ್ನಾಟಕದವರು, ನಿಮ್ಮ ಹಳೆಯ ರಾಜರ ಕಡೆಯವರು, ಎಂದು ಪರಿಚಯ ಹೇಳಿದೆ. ಇಷ್ಟು ಶತಮಾನಗಳ ಮೇಲೆ ಮನೆಯವರು ಬಂದರಲ್ಲ ಎಂದು ಆತ ಅತ್ತರೆ ಹೇಗೆ ಸಮಾಧಾನ ಮಾಡಬೇಕು ಎಂದೂ ಯೋಚಿಸಿದ್ದೆ.

ಭೋಜಪುರಿ ಮಾತಾಡುವ ಆ ಮುದುಕನಿಗೆ ಒಂದೇ ಶಬ್ದ ತಿಳಿಯಿತು. "ಕರ್ನಾಟಕ? ಬೆಂಗಳೂರು?" ಎಂದವನೇ ಅಂಗಿಯ ಕಿಸೆಯಿಂದ ಫೋನು ತೆಗೆದು, ಯಾರಿಗೋ ಹಚ್ಚಿ, ನನ್ನ ಕಿವಿಗೆ ಹಿಡಿದ.

"ನಮಸ್ಕಾರ ಸಾರ್, ಊಟ ಆಯ್ತಾ?" ಆ ಕಡೆಯಿಂದ ಅಚ್ಚ ಬೆಂಗಳೂರು ಕನ್ನಡ. ಮುದುಕನ ಮಗ. ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ. ನಾನು ನಾನ್ಯದೇವನ ವಿಷಯ ಎತ್ತಿದೆ. "ಅವರು ಯಾವ ಬ್ಲಾಕ್ ಸಾರ್?" ಎಂದು ಕೇಳಿದ. ಆಮೇಲೆ, "ಅಪ್ಪಂಗೆ ಹೇಳಿದೀನಿ, ಮನೇಲಿ ಟೀ ಕುಡ್ಕೊಂಡೇ ಹೋಗ್ಬೇಕು. ಬಿಸಿಲಲ್ಲಿ ಜಾಸ್ತಿ ಓಡಾಡ್ಬೇಡಿ ಸಾರ್," ಅಂದ. ನಾನ್ಯದೇವನ ರಾಜಧಾನಿಯಲ್ಲಿ ನನಗೆ ಕೇಳಿಸಿದ ಕನ್ನಡ ಇಷ್ಟೇ, ಅದೂ ಬೆಂಗಳೂರಿನಿಂದ ಬಂದದ್ದು. ಟೀ ಚೆನ್ನಾಗಿತ್ತು.

ಕಾಠ್ಮಂಡುವಿಗೆ ಹೋಗುವ ಘಾಟಿಯುದ್ದಕ್ಕೂ ಮಗಳು ವಾಂತಿ ಮಾಡಿಕೊಂಡಳು, ಅದನ್ನು ಬಿಡೋಣ. ಪಶುಪತಿನಾಥನ ಪೂಜೆ ಬಹುಕಾಲದಿಂದ ದಕ್ಷಿಣದಿಂದ ಹೋದ ಭಟ್ಟರ ಕೈಯಲ್ಲಿದೆ. ಈಚಿನ ಕಾಲದಲ್ಲಿ ಹೆಚ್ಚಾಗಿ ನಮ್ಮ ಕರಾವಳಿ ಕಡೆಯವರು. ಲಿಂಗ ಮುಟ್ಟುವ ಅಧಿಕಾರ ಅವರಿಗೆ ಮಾತ್ರ. ಅವ್ವ ಸಾಲಿನಲ್ಲಿ ನಿಂತೇ ಕನ್ನಡದಲ್ಲಿ ಕೂಗಿ ಮಾತಾಡಿಸಿ, ತೀರ್ಥ ತೆಗೆದುಕೊಂಡು, ಮೊಣಕಾಲು ನೋವಿಗೆ ಯಾವ ಎಣ್ಣೆ ಹಚ್ಚಬೇಕೆಂದೂ ಕೇಳಿಕೊಂಡು ಬಂದಳು. ಗ್ರಂಥಗಳ ನೆರವಿಲ್ಲದೆ ಇಷ್ಟು ಬೇಗ ಕನ್ನಡದ ಸಂಬಂಧ ಸ್ಥಾಪಿಸುವುದು ಶಾಸ್ತ್ರೀಯ ಪದ್ಧತಿಯಲ್ಲ ಎಂದು ನನಗೆ ಅನ್ನಿಸಿತು.

ನನ್ನ ಗುರಿ ಹನುಮಾನ್ ಢೋಕಾದ ಅರಮನೆ. ತುಘಲಕ್‌ನಿಂದ ತಪ್ಪಿಸಿಕೊಂಡು ಗುಡ್ಡಗಾಡಿಗೆ ಓಡಿದ ಕೊನೆಯ ಕರ್ಣಾಟ ಅರಸ ಹರಿಸಿಂಹದೇವನ ಕುಲದೇವತೆ ತಲೇಜು ಈ ಕಣಿವೆಗೆ ಬಂದು ನೆಲೆಸಿದಳೆಂಬುದು ಐತಿಹ್ಯ. ಕಾಠ್ಮಂಡು ಆಳಿದ ಮಲ್ಲರು ತಾವು ಅವನ ಸಂತತಿಯೆಂದು ಶಾಸನ ಬರೆಸಿಕೊಂಡರು. 1564ರಲ್ಲಿ ಮಹೇಂದ್ರ ಮಲ್ಲ ಕಟ್ಟಿಸಿದ ತಲೇಜು ಗುಡಿ ಚೌಕವನ್ನೆಲ್ಲ ಮೀರಿ ನಿಂತಿದೆ. ಅದರ ಬಾಗಿಲು ಜನರಿಗೆ ತೆರೆಯುವುದು ದಸರೆಯ ಮಹಾನವಮಿಗೆ ಮಾತ್ರ. ನಾವು ಹೋದದ್ದು ಫಾಲ್ಗುಣದಲ್ಲಿ. ಚೌಕದ ಒಳಗೆ ಬಿಡಲು ಸಾರ್ಕ್ ದೇಶದವರಿಗೆ ಬೇರೆ ದರದ ಟಿಕೆಟ್ಟು ಬೇಕೆಂದಾಗ, ಮನೆಯವರಿಗೂ ಟಿಕೆಟ್ಟೇ ಎಂದು ನಾನು ಜಗಳ ತೆಗೆದೆ. ಹೆಂಡತಿ ದುಡ್ಡು ಕೊಟ್ಟು ನನ್ನ ತೋಳು ಹಿಡಿದು ಎಳೆದಳು.

ಒಳಗೆ ಸಿಕ್ಕ ಗೈಡ್ ಒಬ್ಬ, "ಎಲ್ಲಿಂದ?" ಎಂದು ಕೇಳಿದ. ಹೇಳಿದೆ. ಅವನ ಕಣ್ಣು ಅರಳಿತು. "ಹಾಗಾದರೆ ಮಲ್ಲ ರಾಜರ ಮೂಲ ನಿಮ್ಮದೇ! ಈ ಅರಮನೆ ನಿಮ್ಮ ಮನೆ ಅಂತಲೇ ತಿಳಿಯಿರಿ!" ಕೊನೆಗೂ ನನ್ನನ್ನು ಗುರುತಿಸುವ ಪ್ರಜೆಯೊಬ್ಬ ಸಿಕ್ಕ. ಕೇಳಿದ್ದಕ್ಕಿಂತ ಹೆಚ್ಚು ದುಡ್ಡು ಕೊಟ್ಟೆ. ಕಟ್ಟೆಯ ಮೇಲೆ ಮನೆಯ ಯಜಮಾನನಂತೆ ಕಾಲು ಚಾಚಿ ಕೂತೆ.

ಸ್ವಲ್ಪ ಹೊತ್ತಿಗೆ ಅದೇ ಗೈಡ್ ಇನ್ನೊಂದು ಸಂಸಾರವನ್ನು ಕರೆತಂದ. ರಾಜಸ್ಥಾನದವರು. "ನಮ್ಮ ಶಾಹ ರಾಜರ ಮೂಲ ಚಿತ್ತೋಡ! ಈ ಅರಮನೆ ನಿಮ್ಮ ಮನೆ ಅಂತಲೇ ತಿಳಿಯಿರಿ!" ಅನ್ನುತ್ತಿದ್ದ. ಪೇಟ ಸುತ್ತಿದ ಯಜಮಾನರು ಮೀಸೆ ತೀಡಿ, ನನ್ನ ಕಟ್ಟೆಯ ಮೇಲೇ ಕಾಲು ಚಾಚಿ ಕೂತರು.

ನನಗೆ ತಡೆಯಲಾಗಲಿಲ್ಲ. 1768ರ ಇಂದ್ರಜಾತ್ರೆಯ ದಿನ, ಊರಿಗೆ ಊರೇ ಹಬ್ಬದಲ್ಲಿ ಮೈಮರೆತಿದ್ದಾಗ ಪೃಥ್ವಿನಾರಾಯಣ ಶಾಹ ನುಗ್ಗಿ ಈ ಊರು ಹಿಡಿದದ್ದು, ಜಯಪ್ರಕಾಶ ಮಲ್ಲ ಪಾಟನ್‌ಗೆ ಓಡಿದ್ದು, ಎಲ್ಲವನ್ನೂ ನನ್ನ ಹಿಂದಿಯಲ್ಲಿ ಅವರಿಗೆ ವಿವರಿಸಿ, "ಹಬ್ಬದ ದಿನ ಹೀಗೆ ಮಾಡಬಹುದೇ ನಿಮ್ಮವರು?" ಎಂದು ಕೇಳಿದೆ. ಅವರು ಕಿವಿಗೊಟ್ಟು ಪೂರ್ತಿ ಕೇಳಿದರು. ಆಮೇಲೆ ಬಹಳ ನೊಂದವರಂತೆ ತಲೆಯಾಡಿಸಿ, ಚೀಲದಿಂದ ಬಿಕಾನೇರಿ ಭುಜಿಯಾದ ಪೊಟ್ಟಣ ತೆಗೆದು ನನ್ನ ಮುಂದೆ ಹಿಡಿದರು.

ನಾನು ಮುಖ ತಿರುಗಿಸಿದೆ. ಹೆಂಡತಿ ಕೈ ಚಾಚಿ ಇಸಿದುಕೊಂಡಳು.

"ತಗೋರಿ," ಅಂದಳು ಪೊಟ್ಟಣ ಹರಿಯುತ್ತ, "ಅರಮನಿ ಹೋದ್ರೂ ಬಡ್ಡಿಯರ ಬಂತು."