ಹಳೆಯ ಕಾದಂಬರಿ ಮತ್ತೆ ಕಂಡುಹಿಡಿಯುವ ಕ್ರಮ

ಚೌತಿಗೆ ಬೆಂಗಳೂರಿನಿಂದ ಹೊಳನಗದ್ದೆಯ ಮೂಲಮನೆಗೆ ಹೊರಡುವವರು ಶಿರಸಿ ಮೇಲೆ ಬನ್ನಿ, ದೇವಿಮನೆ ಘಟ್ಟ ಇಳಿದು ಕುಮಟೆ ಸೇರಿ. ಸಾಗರ, ಗೇರುಸೊಪ್ಪೆಯ ದಾರಿ ಬೇಡ. ಅಲ್ಲಿ ಶರಾವತಿ ಕಾಣುತ್ತದೆ. ಅದು ಏಕೆ ಕಾಣಬಾರದು ಎಂಬುದು ಮುಂದೆ ಬರುತ್ತದೆ.

ಪಂಚಕಜ್ಜಾಯ ತಿಂದು ಅಟ್ಟ ಹತ್ತಿ. ನಿಮ್ಮ ಹೈಸ್ಕೂಲಿನ ಕಾಲದ ಪುಸ್ತಕಗಳು ಕಡಲ ಗಾಳಿಗೂ ನಾಲ್ಕು ತಿಂಗಳ ಮಳೆಗೂ ಸಿಕ್ಕಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಡಿಸಬೇಡಿ. ಮುಗ್ಗು ವಾಸನೆ ಮೂಗಿಗೆ ಬಡಿದ ಕೂಡಲೇ ಕಣ್ಣು ಮುಚ್ಚಿ ‘ಆಹಾ’ ಎನ್ನಿ. ಅರ್ಧ ಓದು ಇಲ್ಲಿಗೆ ಮುಗಿಯಿತು. ಗೆದ್ದಲು ನಿಮಗಿಂತ ಮುಂದೆ ಹೋಗಿದ್ದರೆ ಅಸೂಯೆ ಪಡಬೇಡಿ.

ತೇಜಸ್ವಿಯವರ ‘ಕರ್ವಾಲೊ’ (1980) ಸಿಕ್ಕರೆ ಮಗಳಿಗೆ ಕೊಡಬಹುದು, ಒಂದು ಷರತ್ತಿನ ಮೇಲೆ. ಹಾರುವ ಓತಿಯ ಭಾಗ ಮಾತ್ರ ಹೇಳಿ, ನೀಟ್ ಪರೀಕ್ಷೆಗೆ ಉಪಯೋಗವಾದೀತು. ಊರವರು ಪೆದ್ದನೆಂದುಕೊಂಡ ಮಂದಣ್ಣನಿಗೇ ಕಾಡಿನ ಗುಟ್ಟು ಗೊತ್ತಿತ್ತು ಎಂದು ಬಾಯಿಬಿಟ್ಟಿರೋ, ಟ್ಯೂಷನ್ನಿಗೆ ಕಟ್ಟಿದ ದುಡ್ಡು ಹೋಯಿತೆಂದೇ ತಿಳಿಯಿರಿ.

ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಕೈಗೆ ಬಂದರೆ ಮಾತ್ರ ತೀರಾ ಜಾಗ್ರತೆ. ಇದಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿದೆ. ಕೇಳಿದವರಿಗೆ ಪುರಸ್ಕಾರದ ಸುದ್ದಿ ಹೇಳಿ, ಕತೆಯ ಸುದ್ದಿ ಬೇಡ. ಡಿಸೋಜರು ಸಾಗರದವರು, ಲೋಕೋಪಯೋಗಿ ಇಲಾಖೆಯಲ್ಲಿದ್ದವರು, ಶರಾವತಿಯ ನೀರು ಊರುಗಳನ್ನು ನುಂಗಿದ್ದನ್ನು ಹತ್ತಿರದಿಂದ ಕಂಡವರು. ಇಂಥವರ ಪುಸ್ತಕವನ್ನು ಫೋಟೋಕ್ಕೆ ಹಿಡಿಯುವುದು ಕ್ಷೇಮ, ತೆರೆಯುವುದು ಕ್ಷೇಮವಲ್ಲ.

ಈಗ ಫೋಟೋ. ಪುಸ್ತಕ ಎದೆಯ ಹತ್ತಿರ ಇರಲಿ, ಹಿಂದೆ ನೀರುಳ್ಳಿ ಗೊಂಚಲು ತೂಗಲಿ. ಕುಮಟೆಯ ಸಿಹಿ ನೀರುಳ್ಳಿಗೆ ಪುಸ್ತಕಕ್ಕಿಂತ ಹೆಚ್ಚು ಲೈಕ್ ಬೀಳುತ್ತದೆ. ಕೆಳಗೆ ‘ಇಂದಿಗೂ ಪ್ರಸ್ತುತ’ ಎಂದು ಬರೆಯಿರಿ. ಯಾವುದಕ್ಕೆ ಪ್ರಸ್ತುತ ಎಂದು ಬರೆಯಬೇಡಿ. ಇಡೀ ವಿದ್ಯೆ ಇರುವುದು ಇಲ್ಲೇ.

ಬರೆಯದಿದ್ದರೂ ಮಗಳು ಕೇಳುತ್ತಾಳೆ. “ಅಪ್ಪಾ, ಲಿಂಗನಮಕ್ಕಿ ಅಣೆಕಟ್ಟು ಆಗಿದ್ದು 1964ರಲ್ಲಿ ಅಲ್ವಾ? ಈಗ ಗೇರುಸೊಪ್ಪೆಯಿಂದ ತಳಕಳಲೆಗೆ ನೀರೆತ್ತಿ 2000 ಮೆಗಾವ್ಯಾಟ್ ತೆಗೀತಾರಂತಲ್ಲ, ಅದೂ ಇದೇ ಹೊಳೆನಾ?” ಗಾಬರಿಯಾಗಬೇಡಿ. “ಅದು ಬೇರೆ ವಿಷಯ, ಇದು ಸಾಹಿತ್ಯ” ಎನ್ನಿ. “ಹೊನ್ನಾವರದಲ್ಲಿ ಮೀನುಗಾರರು ಬಂದರು ಬೇಡ ಅಂತಿದಾರಲ್ಲ, ಅದು?” ಎಂದರೆ ಚಕ್ಕುಲಿ ಡಬ್ಬಿ ಮುಂದೆ ತಳ್ಳಿ. ಬಾಯಿ ತುಂಬಿರುವಾಗ ಯಾರೂ ಮೂರನೆಯ ಪ್ರಶ್ನೆ ಕೇಳುವುದಿಲ್ಲ.

ಅವಳು ಚಕ್ಕುಲಿಯ ಜೊತೆ ಪುಸ್ತಕವನ್ನೂ ಎತ್ತಿಕೊಂಡು ಜಗಲಿಗೆ ಹೋದರೆ “ಎಣ್ಣೆ ಕೈ, ಎಣ್ಣೆ ಕೈ!” ಎಂದು ಕೂಗಿ. ಅಡುಗೆಮನೆಯಿಂದ ನಿಮ್ಮ ಅಮ್ಮ “ಕೂಸು ಓದ್ಲಿ ಬಿಡೋ ತಮಾ” ಎಂದರೆ ಕಿವಿ ಕೇಳದವರಂತಿರಿ. ಅಂಟಿದ ಪುಟಗಳನ್ನು ಅವಳು ಹಳೇ ಬ್ಲೇಡಿನಲ್ಲಿ ಒಂದೊಂದಾಗಿ ಬಿಡಿಸಲು ಕೂತಳೆಂದರೆ ನಿಮ್ಮಿಂದ ಏನೂ ಆಗದು. ಹೋಗಿ ಲೈಕ್ ಎಣಿಸಿ.

ಮರಳುವ ದಿನ “ಗೇರುಸೊಪ್ಪೆ ಮೇಲೆ ಹೋಗೋಣ, ಹೊಳೆ ನೋಡ್ಬೇಕು” ಎಂದು ಹಟ ಹಿಡಿಯುತ್ತಾಳೆ. ಆ ರಸ್ತೆ ತುಂಬ ಹೊಂಡ ಎಂದು ಹೇಳಿ ಮತ್ತೆ ಶಿರಸಿ ದಾರಿಗೇ ತಿರುಗಿಸಿ. ಈ ಮಾತು ಹೇಳುವ ಹೊತ್ತಿಗೆ ಕಾರು ದೇವಿಮನೆ ಘಟ್ಟದ ಹೊಂಡಕ್ಕಿಳಿದು ನಿಮ್ಮ ನಾಲಿಗೆ ಕಚ್ಚಿಹೋಗದಂತೆ ನೋಡಿಕೊಳ್ಳಿ.